ವಿನ್ಯಾಸ ವಿದ್ಯೆಯೂ ನಮ್ಮ ಹೆಣ್ಣುಮಕ್ಕಳೂ

ಹೆಣ್ಣುಮಕ್ಕಳಿಗೆ ವಿದ್ಯೆ ಬೇಕೆ ಬೇಡವೆ ಎಂಬ ಚರ್ಚೆಯು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ಮುಗಿದಿರುವುದು. ಯಾವ ವಿದ್ಯೆ, ಎಲ್ಲಿಯವರೆಗೆ, ಎಷ್ಟು ಖರ್ಚಿನಲ್ಲಿ ಎಂಬಿವೇ ಈಗ ಮನೆಮನೆಯಲ್ಲಿಯೂ ಏಳುತ್ತಿರುವ ಪ್ರಶ್ನೆಗಳು. ಹಿಂದೆ ಹೈಸ್ಕೂಲನ್ನು ದಾಟಿದ ಹುಡುಗಿಯ ಕಣ್ಣಿಗೆ ಉಪಾಧ್ಯಾಯಿನಿಯ ಕೆಲಸ, ದಾದಿಯ ಕೆಲಸ, ವೈದ್ಯವೃತ್ತಿ ಎಂಬ ಎರಡು ಮೂರು ದಾರಿಗಳು ಮಾತ್ರವೇ ಕಾಣುತ್ತಿದ್ದುವು. ಇಂದು ದಾರಿಗಳು ಅನೇಕ. ಅವುಗಳಲ್ಲಿ ವಿನ್ಯಾಸ ವಿದ್ಯೆ, ಎಂದರೆ ಜನರು ಡಿಸೈನ್ ಎಂದು ಕರೆಯುವ ವಿದ್ಯೆಯೂ ಒಂದು. ಈ ವಿದ್ಯೆಯನ್ನು ಕುರಿತು ತಾಯಿತಂದೆಗಳಿಗೆ ಆಸೆಯೂ ಉಂಟು, ಅಂಜಿಕೆಯೂ ಉಂಟು. ಯಾವ ವಿದ್ಯಾಲಯಕ್ಕೆ ಸೇರಿಸಬೇಕೆಂದು ಕೇಳತಕ್ಕವರು ಬಹುಮಂದಿ. ಸೇರಿದ ಮೇಲೆ ನಾಲ್ಕು ವರ್ಷಗಳನ್ನು ಹೇಗೆ ಕಳೆಯಬೇಕೆಂದು ಕೇಳತಕ್ಕವರು ಬಹಳ ಕಡಿಮೆ. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ಪ್ರಶ್ನೆಯೇ ಮೊದಲನೆಯದಕ್ಕಿಂತ ದೊಡ್ಡದು. ಏಕೆಂದರೆ ಪುಸ್ತಕವನ್ನು ಬಾಯಿಪಾಠ ಮಾಡಿ ಗೆಲ್ಲಬಹುದಾದ ವಿದ್ಯೆಗಳಲ್ಲಿ ಇದು ಸೇರಿದುದಲ್ಲ. ಒಂದೇ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರಲ್ಲಿ ಒಬ್ಬಳು ಕುಶಲೆಯಾಗಿ ಹೊರಬರುವಳು. ಇನ್ನೊಬ್ಬಳು ಪ್ರಮಾಣಪತ್ರವನ್ನು ಮಾತ್ರ ಹಿಡಿದು ಹೊರಬರುವಳು. ಈ ಭೇದಕ್ಕೆ ಕಾರಣವೇನೆಂಬುದನ್ನು ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಪೋಷಕರ ಮುಂದೆಯೂ ಇಡುವುದು ಈ ಲೇಖನದ ಉದ್ದೇಶ.

ಮೊದಲು ಈ ವಿದ್ಯೆ ಯಾವುದೆಂಬುದನ್ನು ತಿಳಿಯುವುದು ಯುಕ್ತ. ವಿನ್ಯಾಸವೆಂದರೆ ಅಲಂಕಾರವೆಂದೂ, ಸೀರೆಯ ಅಂಚಿನ ಮೇಲೆ ಹೂಬಳ್ಳಿ ಬರೆಯುವುದೆಂದೂ ತಿಳಿದಿರುವವರು ಈಗಲೂ ಇದ್ದಾರೆ. ಅದು ಈ ವಿದ್ಯೆಯ ಒಂದು ಮೂಲೆ ಮಾತ್ರ. ಒಂದು ವಸ್ತುವು ಯಾರಿಗಾಗಿ, ಯಾವ ಕೆಲಸಕ್ಕಾಗಿ, ಯಾವ ಪದಾರ್ಥದಿಂದ, ಎಷ್ಟು ವೆಚ್ಚದಲ್ಲಿ, ಯಾವ ರೂಪದಲ್ಲಿ ಇರಬೇಕೆಂದು ಮೊದಲೇ ಯೋಚಿಸಿ, ಮಾಡಿ ನೋಡಿ, ತಿದ್ದಿ ನಿರ್ಣಯಿಸುವುದೇ ವಿನ್ಯಾಸ. ಕರಾವಳಿಯ ಮನೆಗಳ ಮೇಲಿರುವ ಮಂಗಳೂರು ಹೆಂಚನ್ನು ನೋಡಿರಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಆ ಹೆಂಚಿನ ಒಂದು ಅಂಚಿನಲ್ಲಿ ಗಾಡಿ, ಮತ್ತೊಂದು ಅಂಚಿನಲ್ಲಿ ಏಣು. ಒಂದರ ಏಣು ಇನ್ನೊಂದರ ಗಾಡಿಯಲ್ಲಿ ಕುಳಿತು, ಮಳೆಯ ನೀರು ಒಳಕ್ಕಿಳಿಯದೆ ಜಾರಿಹೋಗುವುದು. ಪದರ ಪದರವಾಗಿ ಹೊದಿಸಬೇಕಾದ ನಾಡಹೆಂಚಿಗಿಂತ ಕಡಿಮೆ ಸಂಖ್ಯೆಯಲ್ಲಿ ಮಾಡನ್ನು ಮುಚ್ಚಬಹುದು. ಒಂದು ಒಡೆದರೆ ಅದೊಂದನ್ನೇ ತೆಗೆದು ಬೇರೊಂದನ್ನು ಇಡಬಹುದು. ಅದರ ಮೇಲೆ ಹೂವೂ ಇಲ್ಲ, ಬಳ್ಳಿಯೂ ಇಲ್ಲ. ಆದರೂ ಅದು ಉತ್ತಮವಾದ ವಿನ್ಯಾಸ.

ನಮ್ಮ ದೇಶದಲ್ಲಿ ಈ ವಿದ್ಯೆಯು ಕ್ರಮವಾದ ಶಿಕ್ಷಣವಾದುದು ಸ್ವಾತಂತ್ರ್ಯಾನಂತರ. ಭಾರತ ಸರ್ಕಾರದ ಆಹ್ವಾನದಂತೆ ಅಮೆರಿಕೆಯ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎಂಬ ದಂಪತಿಗಳು ಇಲ್ಲಿ ಸಂಚರಿಸಿ 1958ರಲ್ಲಿ ಒಂದು ವರದಿಯನ್ನು ಒಪ್ಪಿಸಿದರು. ಅವರ ಮೆಚ್ಚಿಕೆಗೆ ಪಾತ್ರವಾದ ವಸ್ತು ಅರಮನೆಯ ಸಿಂಹಾಸನವಲ್ಲ, ಮನೆಮನೆಯ ಲೋಟ. ನೀರು ತರುವಾಗ ಅದನ್ನು ಎಲ್ಲಿಟ್ಟುಕೊಳ್ಳುವರು, ಸುರಿಯುವಾಗ ಹೇಗೆ ಬಾಗುವುದು, ಕೈಗೆ ಎಷ್ಟು ಭಾರ, ತೊಳೆಯಲು ಸುಲಭವೆ ಎಂಬಂತಹ ನೂರಾರು ಪ್ರಶ್ನೆಗಳಿಗೆ ಹೆಸರಿಲ್ಲದ ಅನೇಕ ಪೀಳಿಗೆಗಳು ಕೊಟ್ಟ ಉತ್ತರವೇ ಆ ಪಾತ್ರೆಯ ರೂಪವೆಂದು ಅವರು ಕಂಡರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಹುಟ್ಟಿತು. 2014ರ ಕಾಯಿದೆಯಿಂದ ಅದಕ್ಕೆ ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂಬ ಸ್ಥಾನವು ದೊರೆಯಿತು. ಮುಂಬಯಿಯ ಐಐಟಿಯಲ್ಲಿ 1969ರಲ್ಲಿ ಔದ್ಯೋಗಿಕ ವಿನ್ಯಾಸ ಕೇಂದ್ರವು ಆರಂಭವಾಯಿತು. ನಮ್ಮ ಬೆಂಗಳೂರಿನಲ್ಲಿ ಸೃಷ್ಟಿ ವಿದ್ಯಾಲಯವು 1996ರಿಂದಲೂ, ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ಕೇಂದ್ರವು 1997ರಿಂದಲೂ ನಡೆಯುತ್ತಿವೆ. ಅಹಮದಾಬಾದಿನ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿ ಸ್ನಾತಕೋತ್ತರ ಶಿಕ್ಷಣವುಂಟು.

ಇಂತಹ ವಿದ್ಯೆಯಿಂದ ಲೋಕಕ್ಕೆ ಪ್ರಯೋಜನವೇನೆಂದು ಕೇಳಿದರೆ, ಚುನಾವಣೆಯಲ್ಲಿ ನಾವೆಲ್ಲರೂ ಮುಟ್ಟುವ ಮತಯಂತ್ರವನ್ನೇ ತೋರಿಸಬಹುದು. ಅದರ ರೂಪವನ್ನು ನಿರ್ಣಯಿಸಿದವರು ಮುಂಬಯಿಯ ಆ ಕೇಂದ್ರದ ಅಧ್ಯಾಪಕರು. ಅದನ್ನು ತಯಾರಿಸುವ ಎರಡು ಕಾರ್ಖಾನೆಗಳಲ್ಲಿ ಒಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಓದುಬರಹವಿಲ್ಲದ ಮುದುಕಿಯೂ ಯಾರನ್ನೂ ಕೇಳದೆ, ಚಿಹ್ನೆಯ ಎದುರಿಗಿರುವ ಗುಂಡಿಯನ್ನೊತ್ತಿ, ದೀಪವನ್ನು ಕಂಡು, ಸದ್ದನ್ನು ಕೇಳಿ, ತನ್ನ ಕೆಲಸವಾಯಿತೆಂದು ತಿಳಿದು ಹೊರಬರುವಳು. ಆಕೆಗೆ ಆ ಯಂತ್ರದ ವಿನ್ಯಾಸವು ಗಮನಕ್ಕೇ ಬಾರದು. ಗಮನಕ್ಕೆ ಬಾರದಂತೆ ಕೆಲಸವನ್ನು ಸುಗಮಗೊಳಿಸುವುದೇ ಈ ವಿದ್ಯೆಯ ಹಿರಿಮೆ.

ಇನ್ನು ಪ್ರವೇಶದ ವಿಚಾರ. ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನವನ್ನು ಓದಿದವರೂ ವಾಣಿಜ್ಯವನ್ನು ಓದಿದವರೂ ಕಲಾವಿಭಾಗದವರೂ ಅಹಮದಾಬಾದಿನ ಸಂಸ್ಥೆಯ ಪ್ರವೇಶಪರೀಕ್ಷೆಗೆ ಕುಳಿತುಕೊಳ್ಳಬಹುದು. ಐಐಟಿಗಳಿಗಾಗಿ 2015ರಿಂದ ಯುಸೀಡ್ ಎಂಬ ಬೇರೆ ಪರೀಕ್ಷೆಯುಂಟು. ಈ ಪರೀಕ್ಷೆಗಳಲ್ಲಿ ಅಂದವಾಗಿ ಚಿತ್ರ ಬರೆಯುವ ಕೈಯನ್ನಷ್ಟೇ ಅಳೆಯುವುದಿಲ್ಲ. ನೋಡುವ ಕಣ್ಣನ್ನೂ ಯೋಚಿಸುವ ಮನಸ್ಸನ್ನೂ ಅಳೆಯುತ್ತಾರೆ. ಆದುದರಿಂದ ನಮ್ಮ ಹುಡುಗಿಗೆ ಚಿತ್ರಕಲೆಯಲ್ಲಿ ಬಹುಮಾನ ಬಂದಿಲ್ಲವೆಂದು ಹಿಂಜರಿಯಬೇಕಾದುದಿಲ್ಲ. ಗಣಿತದಿಂದ ತಪ್ಪಿಸಿಕೊಳ್ಳಲು ಈ ದಾರಿ ಹಿಡಿಯುವುದೂ ಸರಿಯಲ್ಲ, ಅಳತೆಯಿಲ್ಲದೆ ವಿನ್ಯಾಸವಿಲ್ಲ.

ಖರ್ಚಿನ ಮಾತನ್ನು ಮರೆಮಾಚುವುದು ಉಚಿತವಲ್ಲ. ಖಾಸಗಿ ವಿದ್ಯಾಲಯಗಳಲ್ಲಿ ಕೆಲವುದರ ಶುಲ್ಕವು ಮಧ್ಯಮವರ್ಗದ ಮನೆಯೊಂದನ್ನು ಅನೇಕ ವರ್ಷಗಳ ಸಾಲಕ್ಕೆ ಗುರಿಮಾಡುವಷ್ಟಿದೆ. ಶುಲ್ಕ ಹೆಚ್ಚಾದಷ್ಟು ವಿದ್ಯೆ ಹೆಚ್ಚೆಂಬ ಭ್ರಮೆ ಬೇಡ. ಹಣವನ್ನು ಕಟ್ಟುವುದಕ್ಕೆ ಮೊದಲು ತಂದೆಯಾದವನು ಅಲ್ಲಿಗೆ ಹೋಗಿ ನಾಲ್ಕು ಸಂಗತಿಗಳನ್ನು ಕಣ್ಣಾರೆ ನೋಡತಕ್ಕದ್ದು. ಮರಗೆಲಸ, ಲೋಹ, ಮಣ್ಣು, ನೇಯ್ಗೆಗಳ ಕಾರ್ಯಶಾಲೆಗಳು ನಿಜವಾಗಿ ಇವೆಯೆ, ಇದ್ದರೆ ಅವುಗಳ ಬಾಗಿಲು ಸಂಜೆಯ ಮೇಲೆಯೂ ತೆರೆದಿರುವುದೆ? ಪಾಠ ಹೇಳುವವರು ತಾವೇ ವಸ್ತುಗಳನ್ನು ಮಾಡಿದವರೆ? ಕಡೆಯ ವರ್ಷದ ವಿದ್ಯಾರ್ಥಿಗಳ ಕೆಲಸವನ್ನು ನಮಗೆ ತೋರಿಸುವರೆ, ಅಥವಾ ಬಣ್ಣದ ಪುಸ್ತಿಕೆಯನ್ನು ಮಾತ್ರ ಕೈಗಿಡುವರೆ? ಹೊರಗೆ ಹೋದವರು ಈಗ ಎಲ್ಲಿದ್ದಾರೆ? ಇವಕ್ಕೆ ನೇರವಾದ ಉತ್ತರ ಸಿಕ್ಕದ ಕಡೆ ಹಾಸಿಗೆಯಿದ್ದಷ್ಟು ಕಾಲು ಚಾಚುವುದೇ ಮೇಲು. ಸಾಲದ ಹೊರೆ ಹೊತ್ತು ಹೊರಬಂದ ಹುಡುಗಿಯು ತನಗೆ ಒಪ್ಪಿದ ಕೆಲಸವನ್ನು ಆರಿಸಿಕೊಳ್ಳಲಾರಳು. ಮೊದಲು ಸಿಕ್ಕಿದ ಕೆಲಸಕ್ಕೆ ಕಟ್ಟುಬೀಳುವಳು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಈ ವಿದ್ಯೆಯ ಇತಿಹಾಸದಲ್ಲಿ ಪ್ರಸಿದ್ಧವಾದ ಬೌಹೌಸ್ ಎಂಬ ಶಾಲೆಯು 1919ರಲ್ಲಿ ಜರ್ಮನಿಯ ವೈಮಾರಿನಲ್ಲಿ ಆರಂಭವಾಯಿತು. ಹೆಣ್ಣು ಗಂಡೆಂಬ ಭೇದವಿಲ್ಲದೆ ಎಲ್ಲರನ್ನೂ ಸೇರಿಸಿಕೊಳ್ಳುವುದಾಗಿ ಅದರ ಸ್ಥಾಪಕ ವಾಲ್ಟರ್ ಗ್ರೋಪಿಯಸ್ ಸಾರಿದನು. ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬಂದರು. ಬಂದ ಮೇಲೆ ಅವರಲ್ಲಿ ಹೆಚ್ಚಿನವರನ್ನು ನೇಯ್ಗೆಯ ಕಾರ್ಯಶಾಲೆಗೇ ಕಳುಹಿಸಲಾಯಿತು; ಕಟ್ಟಡ, ಲೋಹ, ಮರಗೆಲಸಗಳು ಗಂಡಸರಿಗೆ ತಕ್ಕುವೆಂಬ ಭಾವನೆಯು ಆ ಹೊಸ ಶಾಲೆಯಲ್ಲಿಯೂ ಹೋಗಿರಲಿಲ್ಲ. ಹೀಗೆ ತಳ್ಳಲ್ಪಟ್ಟವರಲ್ಲಿ ಗುಂಟಾ ಸ್ಟೋಲ್ಜ್ಲ್, ಆನಿ ಆಲ್ಬರ್ಸ್ ಮುಂತಾದವರು ನೇಯ್ಗೆಯನ್ನೇ ಹೊಸ ಯುಗದ ಕಲೆಯನ್ನಾಗಿ ಮಾಡಿ ತೋರಿಸಿದರು. ಮರಿಯಾನೆ ಬ್ರಾಂಟ್ ಎಂಬಾಕೆಯು ಲೋಹದ ಕಾರ್ಯಶಾಲೆಯನ್ನೇ ಹೊಕ್ಕು, 1924ರಲ್ಲಿ ಚಹದ ಪಾತ್ರೆಯೊಂದನ್ನು ರಚಿಸಿ, ಮುಂದೆ ಆ ಕಾರ್ಯಶಾಲೆಯ ಮೇಲ್ವಿಚಾರಣೆಯನ್ನೂ ವಹಿಸಿದಳು. ಆಕೆಯ ಪಾತ್ರೆಯು ಇಂದು ಲೋಕದ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿದೆ.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ನೇಯ್ಗೆಯು ಕೀಳೆಂದಲ್ಲ, ಆಯ್ಕೆಯು ಹುಡುಗಿಯದಾಗಿರಬೇಕೆಂದು. ಹೆಣ್ಣುಮಗಳಾದ್ದರಿಂದ ಬಟ್ಟೆಯ ವಿನ್ಯಾಸ ಸಾಕು, ಮನೆಯಲ್ಲಿ ಕುಳಿತೇ ಮಾಡಬಹುದು ಎಂದು ಮೊದಲೇ ತೀರ್ಮಾನಿಸಿಬಿಡುವ ಪೋಷಕರು ಮಗಳ ಅಭಿರುಚಿಯನ್ನು ವಿಚಾರಿಸುವುದೇ ಇಲ್ಲ. ಆಕೆಗೆ ಮಣ್ಣಿನಲ್ಲಿ ಆಸಕ್ತಿಯಿರಬಹುದು, ಆಸ್ಪತ್ರೆಯ ಉಪಕರಣಗಳಲ್ಲಿರಬಹುದು, ಬಸ್ಸಿನ ಆಸನದಲ್ಲಿರಬಹುದು. ಬಸ್ಸಿನ ಮೇಲಿನ ಹಿಡಿಕೆಯು ಗಿಡ್ಡ ಹೆಂಗಸಿನ ಕೈಗೆ ಎಟುಕದಿರುವುದನ್ನು ನಾವು ದಿನವೂ ನೋಡುತ್ತೇವೆ. ಮೋಟಾರು ಗಾಡಿಗಳ ಸುರಕ್ಷತೆಯನ್ನು ಪರೀಕ್ಷಿಸುವ ಬೊಂಬೆಗಳು ಬಹುಕಾಲ ಸರಾಸರಿ ಗಂಡಸಿನ ದೇಹದ ಅಳತೆಯವೇ ಆಗಿದ್ದುವು. ಅಳೆಯುವವರಲ್ಲಿ ಹೆಂಗಸರಿಲ್ಲದಿದ್ದರೆ ಅಳತೆಯಲ್ಲಿಯೂ ಅವರಿರುವುದಿಲ್ಲ. ಇಂತಹ ಕಡೆಗಳಿಗೆ ನಮ್ಮ ಹೆಣ್ಣುಮಕ್ಕಳು ಹೋಗುವುದು ಅವರ ಸಂಬಳದ ಮಾತಷ್ಟೇ ಅಲ್ಲ. ಎಲ್ಲ ಹೆಂಗಸರ ಅನುಕೂಲದ ಮಾತು.

ಸೇರಿದ ಮೇಲೆ ಏನು ಮಾಡತಕ್ಕದ್ದೆಂಬುದನ್ನು ಈಗ ವಿಚಾರಿಸೋಣ. ಮೊದಲನೆಯದು ಕೈಯ ಕೆಲಸ. ವಿದ್ಯಾರ್ಥಿನಿಯು ಮೊದಲ ವರ್ಷದಲ್ಲಿಯೇ ಗಣಕಯಂತ್ರದ ಮುಂದೆ ಕುಳಿತು ಅಂದವಾದ ಚಿತ್ರಗಳನ್ನು ತೆಗೆಯಲು ಹಾತೊರೆಯುವುದು ಸ್ವಾಭಾವಿಕ. ಆದರೆ ತೆರೆಯ ಮೇಲೆ ಮರವೂ ಬಿರಿಯದು, ಮಣ್ಣೂ ಸೀಳದು, ಬಟ್ಟೆಯೂ ಕುಗ್ಗದು. ಬೌಹೌಸಿನಲ್ಲಿ ಜೋಸೆಫ್ ಆಲ್ಬರ್ಸ್ ಎಂಬ ಗುರುವು ಹೊಸ ವಿದ್ಯಾರ್ಥಿಗಳಿಗೆ ಬರಿಯ ಕಾಗದವನ್ನು ಕೊಟ್ಟು, ಚೂರೂ ಹಾಳುಮಾಡದೆ ಅದರ ಶಕ್ತಿಯೇನೆಂಬುದನ್ನು ಮಡಿಸಿ ಕತ್ತರಿಸಿ ಕಂಡುಹಿಡಿಯಿರೆಂದು ಹೇಳುತ್ತಿದ್ದನು. ನಮ್ಮ ಶಾಲೆಗಳ ಹೊಲಿಗೆಯ ತರಗತಿಯಲ್ಲಿ ಬಟ್ಟೆಯನ್ನು ಹಾಸಿ, ಗೆರೆಯೆಳೆದು, ಚೂರು ಉಳಿಯದಂತೆ ಕತ್ತರಿಸುವುದನ್ನು ಕಲಿತವರಿಗೆ ಈ ಪಾಠದ ಬೆಲೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಧಾರವಾಡದ ಕಡೆಯ ಕಸೂತಿಯನ್ನು ತಿಳಿದವರೂ ಬಲ್ಲರು: ಗವಂತಿಯ ಹೊಲಿಗೆಯಲ್ಲಿ ಗಂಟು ಹಾಕದೆ, ಎಳೆಗಳನ್ನೆಣಿಸಿ, ಬಟ್ಟೆಯ ಎರಡು ಮೈಗಳಲ್ಲಿಯೂ ಒಂದೇ ಚಿತ್ರ ಬರುವಂತೆ ಸೂಜಿಯ ಹೋಗುವ ಬರುವ ದಾರಿಯನ್ನು ಮೊದಲೇ ಯೋಚಿಸಬೇಕು. ಅಷ್ಟು ಯೋಚನೆಯು ಕೈಯ ಮೂಲಕವೇ ಮನಸ್ಸಿಗೆ ಬರತಕ್ಕದ್ದು. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯು ಈ ವಿದ್ಯೆಗೆ ಅಕ್ಷರಶಃ ಒಪ್ಪುವುದು.

ಎರಡನೆಯದು ನೋಡುವ ಅಭ್ಯಾಸ. ದಿನವೂ ಒಂದು ಸಣ್ಣ ಪುಸ್ತಕದಲ್ಲಿ ಕಂಡದ್ದನ್ನು ಗೆರೆಯಲ್ಲಿಯೂ ಮಾತಿನಲ್ಲಿಯೂ ಗುರುತು ಹಾಕಿಕೊಳ್ಳತಕ್ಕದ್ದು. ಸಂತೆಯಲ್ಲಿ ತರಕಾರಿಯವಳು ತಕ್ಕಡಿಯನ್ನು ಎಲ್ಲಿಟ್ಟುಕೊಳ್ಳುವಳು, ಔಷಧದ ಅಂಗಡಿಯಲ್ಲಿ ವೃದ್ಧರು ಚೀಟಿಯನ್ನು ಎಷ್ಟು ದೂರ ಹಿಡಿದು ಓದುವರು, ನೀರಿನ ಕೊಡವನ್ನು ಸೊಂಟದ ಮೇಲೆ ಏರಿಸುವಾಗ ಕೈ ಎಲ್ಲಿ ಹಿಡಿಯುವುದು ಎಂಬಿವೆಲ್ಲ ಪಾಠಗಳೇ. ಫೋಟೋ ತೆಗೆದುಕೊಂಡರೆ ಸಾಲದೆ ಎಂದು ಕೇಳಬಹುದು. ಫೋಟೋ ತೆಗೆಯುವುದು ಒಂದು ಕ್ಷಣದ ಕೆಲಸ. ಗೆರೆಯೆಳೆಯುವವಳು ಹತ್ತು ನಿಮಿಷವಾದರೂ ಆ ವಸ್ತುವನ್ನು ನೋಡಲೇಬೇಕಾಗುವುದು.

ಮೂರನೆಯದು ವಿಮರ್ಶೆಯನ್ನು ತಾಳುವ ಶಕ್ತಿ. ಈ ವಿದ್ಯಾಲಯಗಳಲ್ಲಿ ಮಾಡಿದ ಕೆಲಸವನ್ನು ಎಲ್ಲರ ಮುಂದಿಟ್ಟು ಅಧ್ಯಾಪಕರು ಗುಣದೋಷಗಳನ್ನು ಹೇಳುವ ಪದ್ಧತಿಯುಂಟು. ಅದನ್ನು ಜೂರಿ ಎನ್ನುವರು. ಮನೆಯಲ್ಲಿಯೂ ಶಾಲೆಯಲ್ಲಿಯೂ ಜಾಣೆಯೆಂದು ಹೊಗಳಿಸಿಕೊಂಡು ಬಂದ ಹುಡುಗಿಗೆ ಮೊದಲ ಜೂರಿಯು ಕಣ್ಣೀರು ತರಿಸುವುದು ಅಪರೂಪವಲ್ಲ. ಆಕೆ ತಿಳಿಯತಕ್ಕದ್ದೇನೆಂದರೆ, ಅಲ್ಲಿ ವಿಚಾರಣೆಗೆ ನಿಂತಿರುವುದು ಆ ಕುರ್ಚಿಯೇ ಹೊರತು ತಾನಲ್ಲ. ಹೇಳಿದ ಮಾತುಗಳನ್ನು ಬರೆದಿಟ್ಟುಕೊಂಡು, ಎರಡು ದಿನ ಬಿಟ್ಟು ಓದಿ, ಸರಿಯಾದುದನ್ನು ಸ್ವೀಕರಿಸಿ, ಸರಿಯಲ್ಲದುದಕ್ಕೆ ಕಾರಣ ಸಹಿತವಾಗಿ ವಿನಯದಿಂದ ಉತ್ತರ ಹೇಳುವುದನ್ನು ಕಲಿತರೆ, ಆ ಗುಣವು ಜೀವಮಾನವೆಲ್ಲ ಉಪಯೋಗಕ್ಕೆ ಬರುವುದು. ಅವಮಾನಿಸುವ ಮಾತೇ ವಿಮರ್ಶೆಯೆಂದು ಭಾವಿಸುವ ಅಧ್ಯಾಪಕರೂ ಅಲ್ಲಲ್ಲಿ ಉಂಟು. ಹುಡುಗಿಯ ಮೈಬಣ್ಣ, ಉಡುಪು, ಇಂಗ್ಲಿಷಿನ ಉಚ್ಚಾರಣೆಗಳನ್ನು ಕುರಿತು ಆಡಿದ ಮಾತು ವಿಮರ್ಶೆಯಲ್ಲ. ಅದನ್ನು ಸಹಿಸಬೇಕಾದುದೂ ಇಲ್ಲ.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯವೆಂದು ನಾವು ಭಾವಿಸುವೆವು. ಅದು ವಸ್ತುವನ್ನು ಬಳಸುವವರ ಬಳಿಗೆ ಹೋಗುವುದು. ಒಮ್ಮೆ ಹೋಗಿ ಬರುವುದಲ್ಲ, ಕೊಟ್ಟ ಮೇಲೆ ಮತ್ತೆ ಹೋಗುವುದು. ಒಲೆಯ ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ಅಸ್ತ್ರ ಎಂಬ ಕೇಂದ್ರವು, ಹೊಗೆಕೊಳವೆಯುಳ್ಳ, ಸೌದೆಯನ್ನು ಉಳಿಸುವ ಅಸ್ತ್ರ ಒಲೆಯನ್ನು ನಿರ್ಮಿಸಿತು. ಹೊಗೆಯಲ್ಲಿ ಕಣ್ಣೊರಸಿಕೊಳ್ಳುತ್ತ ಅಡಿಗೆ ಮಾಡಿದ ತಾಯಂದಿರ ಮಕ್ಕಳಾದ ನಮಗೆ ಅಂತಹ ಪ್ರಯತ್ನದ ಮಹತ್ವವು ಚೆನ್ನಾಗಿ ತಿಳಿದಿದೆ. ಆದರೆ ಸುಧಾರಿಸಿದ ಒಲೆಗಳ ಕಥೆಯು ಪ್ರಯೋಗಶಾಲೆಯಲ್ಲಿ ಮುಗಿಯುವುದಿಲ್ಲ. ಒಡಿಶಾದ ಹಳ್ಳಿಗಳಲ್ಲಿ ಹಂಚಿದ ಬೇರೊಂದು ಬಗೆಯ ಕೊಳವೆಯೊಲೆಗಳನ್ನು ಪಂಡಿತರು ಹಲವು ವರ್ಷ ಪರಿಶೀಲಿಸಿದರು. ಮೊದಲ ವರ್ಷದಲ್ಲಿ ಹೊಗೆಯು ಕಡಿಮೆಯಾದುದು ಕಂಡುಬಂದಿತು. ಆಮೇಲೆ ಆ ಲಾಭವು ಕರಗಿಹೋಯಿತು. ಒಲೆಗಳ ದುರಸ್ತಿ ನಡೆಯಲಿಲ್ಲ, ಜನರು ಅವನ್ನು ಬೇಕಾದಷ್ಟು ಬಳಸಲೂ ಇಲ್ಲ. ಕೊಳವೆಯನ್ನು ಯಾರು ಗುಡಿಸುವರು, ಬಿರುಕನ್ನು ಯಾರು ಮೆತ್ತುವರು, ಮನೆಯ ಪಾತ್ರೆಗಳು ಆ ಕಣ್ಣುಗಳಿಗೆ ಹೊಂದುವುವೆ ಎಂಬುದೂ ಒಲೆಯ ವಿನ್ಯಾಸದ ಭಾಗವೇ ಸರಿ. ವಸ್ತುವನ್ನು ಕೊಟ್ಟ ದಿನ ಹೊಗಳಿಕೆ ಸಿಕ್ಕುವುದು ಸುಲಭ. ಒಂದು ವರ್ಷ ಕಳೆದ ಮೇಲೆ ಅದೇ ಮನೆಯ ಅಡಿಗೆಯ ಕೋಣೆಗೆ ಹೋಗಿ ನೋಡುವ ವಿದ್ಯಾರ್ಥಿನಿಗೆ ಮಾತ್ರ ಪಾಠವು ಪೂರ್ತಿಯಾಗುವುದು.

ಐದನೆಯದು ಕುಶಲಕರ್ಮಿಗಳೊಡನೆ ನಡೆದುಕೊಳ್ಳುವ ರೀತಿ. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಕೊಂಡಿಗಳಿಂದ ಜೋಡಿಸುತ್ತಾರೆ. ಚನ್ನಪಟ್ಟಣದವರು ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ, ಕಾವಿನಿಂದಲೇ ಬಣ್ಣ ಹಿಡಿಸುತ್ತಾರೆ. ಬೀದರಿನವರು ಸತು ತಾಮ್ರಗಳ ಎರಕದಲ್ಲಿ ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪುಮಾಡುತ್ತಾರೆ. ವಿದ್ಯಾರ್ಥಿಗಳು ಇಂತಹ ಊರುಗಳಿಗೆ ಹೋಗಿ ಕೆಲವು ವಾರಗಳಿದ್ದು ಕಲಿಯುವ ಪದ್ಧತಿಯು ಬಹಳ ಒಳ್ಳೆಯದು. ಆದರೆ ಮುಗ್ಗದ ಮುಂದೆ ನಲವತ್ತು ವರ್ಷ ಕುಳಿತವನ ಬಳಿಗೆ ಹದಿನೆಂಟು ವರ್ಷದವಳು ಉದ್ಧಾರಕಳಂತೆ ಹೋಗುವುದು ಶೋಭಿಸದು. ಆತನು ಗುರು, ಈಕೆ ಶಿಷ್ಯೆ. ಆತನ ಒಂದು ದಿನದ ಕೆಲಸ ನಿಂತರೆ ಆ ದಿನದ ಕೂಲಿಯನ್ನು ಕೊಡತಕ್ಕದ್ದು. ಆತನಿಂದ ಕಲಿತುದನ್ನು ಪ್ರದರ್ಶನದಲ್ಲಿ ಇಡುವಾಗ ಆತನ ಹೆಸರನ್ನು ತನ್ನ ಹೆಸರಿನ ಪಕ್ಕದಲ್ಲಿಯೇ ಬರೆಯತಕ್ಕದ್ದು. 1999ರ ಕಾಯಿದೆಯಂತೆ ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಬಿದರಿ, ಕಸೂತಿಗಳಿಗೆ ಭೌಗೋಳಿಕ ಸೂಚಕದ ರಕ್ಷಣೆ ದೊರೆತಿದೆ. ಅದು ಹೆಸರನ್ನು ಕಾಯುವ ಕಾಯಿದೆ. ಮಾಡುವವನ ಮಗ್ಗಕ್ಕೆ ಕೆಲಸವನ್ನೂ ಅವನ ಕೆಲಸಕ್ಕೆ ನ್ಯಾಯವಾದ ಬೆಲೆಯನ್ನೂ ತರುವುದು ಕೊಳ್ಳುವವರ ಮತ್ತು ವಿನ್ಯಾಸಕರ ಕೈಯಲ್ಲಿದೆ.

ಆರನೆಯದು ಭಾಷೆ. ಇಂಗ್ಲಿಷಿನಲ್ಲಿ ಪಾಠ ಕೇಳುವ ನಮ್ಮ ಹುಡುಗಿಯು ಕನ್ನಡವನ್ನು ಮನೆಯಲ್ಲಿ ಬಿಟ್ಟುಹೋದರೆ ಅರ್ಧ ಬಂಡವಾಳವನ್ನು ಬಿಟ್ಟುಹೋದಂತೆ. ರೈತನೊಡನೆ, ದಾದಿಯೊಡನೆ, ನೇಕಾರನೊಡನೆ ಮಾತನಾಡಬೇಕಾದುದು ಆ ಭಾಷೆಯಲ್ಲಿಯೇ. ಅಲ್ಲದೆ ಕನ್ನಡ ಅಕ್ಷರಗಳ ರೂಪರಚನೆಯೇ ಒಂದು ದೊಡ್ಡ ಕ್ಷೇತ್ರ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುವು. ತಲೆಕಟ್ಟು ಕೊಂಬುಗಳು ಸ್ಥಳವನ್ನು ಬೇಡುವುವು. ಇಂಗ್ಲಿಷಿನ ಅಳತೆಗೆ ಹಾಕಿದ ಫಲಕದಲ್ಲಿಯೂ ಔಷಧದ ಚೀಟಿಯಲ್ಲಿಯೂ ಕನ್ನಡವು ಇರುವೆಯ ಸಾಲಿನಂತೆ ಕಾಣುವುದು ಇದರಿಂದಲೇ. 2010ರಲ್ಲಿ ಭಾರತ ಸರ್ಕಾರವು ಅಂಗೀಕರಿಸಿದ ರೂಪಾಯಿಯ ಚಿಹ್ನೆಯನ್ನು ರಚಿಸಿದ ಉದಯಕುಮಾರರು ಮುಂಬಯಿಯ ಐಐಟಿಯಲ್ಲಿ ತಮಿಳು ಅಕ್ಷರಗಳ ರೂಪವನ್ನು ಕುರಿತು ಸಂಶೋಧನೆ ನಡೆಸಿದವರು. ತಾಯ್ನುಡಿಯ ಅಕ್ಷರದ ಮೇಲಿನ ಶ್ರದ್ಧೆಯು ವ್ಯರ್ಥವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಕೃತಕ ಬುದ್ಧಿಮತ್ತೆಯ ಯಂತ್ರಗಳು ಕೇಳಿದ ಕೂಡಲೇ ನೂರು ಚಿತ್ರಗಳನ್ನು ಬರೆದುಕೊಡುವ ಈ ಕಾಲದಲ್ಲಿ ಇಷ್ಟೆಲ್ಲ ಶ್ರಮವೇಕೆಂಬ ಪ್ರಶ್ನೆಯು ಬರುವುದು ಸಹಜ. ಯಂತ್ರವನ್ನು ದೂರವಿಡಬೇಕೆಂದು ನಾವು ಹೇಳುವುದಿಲ್ಲ. ಉಪಕರಣವೆಂದು ಅದನ್ನು ಕಲಿಯಲೇಬೇಕು. ಆದರೆ ನೂರು ಚಿತ್ರಗಳಲ್ಲಿ ಯಾವುದು ಮುರಿಯುವುದು, ಯಾವುದು ನಿಲ್ಲುವುದು, ಯಾವುದು ಆ ಮುದುಕಿಯ ಕೈಗೆ ಒಪ್ಪುವುದು ಎಂದು ಆರಿಸುವುದಕ್ಕೆ ಮರವನ್ನು ಮುಟ್ಟಿದ ಕೈಯೂ ಮುದುಕಿಯನ್ನು ಕಂಡ ಕಣ್ಣೂ ಬೇಕು. ಬರಿಯ ಚಿತ್ರ ತೆಗೆಯುವುದನ್ನೇ ನಾಲ್ಕು ವರ್ಷ ಕಲಿತವಳ ಕೆಲಸವನ್ನು ಯಂತ್ರವು ಕಸಿದುಕೊಳ್ಳಬಹುದು. ಅದಕ್ಕೋಸ್ಕರವೇ ಮೇಲಿನ ಐದಾರು ಅಭ್ಯಾಸಗಳು ಈಗ ಹಿಂದಿಗಿಂತ ಹೆಚ್ಚು ಅವಶ್ಯಕವಾಗಿವೆ.

ಕಡೆಯ ವರ್ಷದ ಯೋಜನೆಯ ಬಗ್ಗೆ ಒಂದು ಮಾತು. ಹೆಸರಾದ ಕಂಪೆನಿಯಲ್ಲಿ ತರಬೇತಿ ಪಡೆಯಬೇಕೆಂಬ ಆಸೆ ತಪ್ಪಲ್ಲ. ಆದರೂ ದೊಡ್ಡ ಕಡೆಯಲ್ಲಿ ಚಿಕ್ಕ ಗುಂಡಿಯೊಂದರ ಬಣ್ಣವನ್ನು ಆರು ತಿಂಗಳು ಬದಲಾಯಿಸುವುದಕ್ಕಿಂತ, ಚಿಕ್ಕ ಆಸ್ಪತ್ರೆಯಲ್ಲಿಯೋ ಸಹಕಾರ ಸಂಘದಲ್ಲಿಯೋ ಒಂದು ಕೆಲಸವನ್ನು ಮೊದಲಿನಿಂದ ಕಡೆಯವರೆಗೆ ಮಾಡಿ ಮುಗಿಸುವುದು ಹೆಚ್ಚಿನ ವಿದ್ಯೆಯನ್ನು ಕೊಡುವುದು. ಕೆಲಸ ಕೊಡತಕ್ಕವರು ಕಡೆಗೆ ಕೇಳುವುದು, ಇದರಲ್ಲಿ ನೀನು ಮಾಡಿದುದು ಯಾವುದು ಎಂದು. ಆ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರ ಹೇಳುವಂತಿರಬೇಕು.

ದೇಶದಲ್ಲಿ ಬಡತನವಿರುವಾಗ ಇದು ಸಿರಿವಂತರ ವಿದ್ಯೆಯಲ್ಲವೆ ಎಂದು ಆಕ್ಷೇಪಿಸುವವರುಂಟು. ಸಿರಿವಂತರಿಗಾಗಿ ಮಾತ್ರ ಉಪಯೋಗಿಸಿದರೆ ಹೌದು. ಆದರೆ ಕೆಟ್ಟ ವಿನ್ಯಾಸದ ದಂಡವನ್ನು ತೆರುವವರು ಬಡವರೇ. ಎಟುಕದ ಹಿಡಿಕೆಯೂ ಓದಲಾಗದ ಚೀಟಿಯೂ ಹೊಗೆಯುಗುಳುವ ಒಲೆಯೂ ಅವರ ಪಾಲಿಗೇ ಬರುವುವು. ಸಿರಿವಂತನು ಬೇರೊಂದನ್ನು ಕೊಂಡುಕೊಳ್ಳುವನು. ವಿನ್ಯಾಸ ಕಲಿತವರಿಗೆಲ್ಲ ದೊಡ್ಡ ಸಂಬಳ ನಿಶ್ಚಯವೆಂದೂ ನಾವು ಆಶ್ವಾಸನೆ ಕೊಡಲಾರೆವು. ಮೊದಲ ಕೆಲವು ವರ್ಷ ಕಷ್ಟವಿರಬಹುದು. ಆ ಕಷ್ಟವನ್ನು ತಿಳಿದೇ ಹೊರಡುವವಳು ಹೋಗಲಿ.

ಪೋಷಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಮೊದಲ ವರ್ಷದ ರಜೆಯಲ್ಲಿ ಮಗಳು ಮನೆಗೆ ತರುವುದು ಅಂದವಾದ ಚಿತ್ರಗಳಲ್ಲ, ಮುರಿದ ಮಾದರಿಗಳೂ ಗಾಯವಾದ ಬೆರಳುಗಳೂ ಆಗಿರಬಹುದು. ಇಷ್ಟು ಹಣಕ್ಕೆ ಕಲಿತದ್ದು ಇಷ್ಟೆಯೆ ಎಂದು ಹಂಗಿಸಬೇಡಿರಿ. ಕಾರ್ಯಶಾಲೆಯ ಕೆಲಸವು ರಾತ್ರಿಯವರೆಗೂ ಎಳೆಯುವುದು; ಅದಕ್ಕಾಗಿ ಆಕೆಯ ಮೇಲೆ ಸಂಶಯಪಡಬೇಡಿರಿ. ಎಲ್ಲಕ್ಕಿಂತ ಹೆಚ್ಚಾಗಿ, ಒಳ್ಳೆಯ ಸಂಬಂಧ ಬಂದಿತೆಂದು ಮೂರನೆಯ ವರ್ಷದಲ್ಲಿ ಓದನ್ನು ನಿಲ್ಲಿಸಬೇಡಿರಿ. ಕಡೆಯ ವರ್ಷದಲ್ಲಿಯೇ ಹಿಂದಿನ ಮೂರು ವರ್ಷಗಳ ಕಲಿಕೆಯು ಒಂದುಗೂಡುವುದು. ಅದನ್ನು ಕಳೆದುಕೊಂಡ ಹುಡುಗಿಗೆ ಉಳಿಯುವುದು ಬಿಡಿಬಿಡಿಯಾದ ಪಾಠಗಳು ಮಾತ್ರ.

ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರಲ್ಲಿಯೂ ಒಂದು ಬೇಡಿಕೆಯುಂಟು. ನಿಮ್ಮಲ್ಲಿ ವೈದ್ಯರಿದ್ದೀರಿ, ದಾದಿಯರಿದ್ದೀರಿ, ಬ್ಯಾಂಕಿನಲ್ಲಿ ಕೆಲಸ ಮಾಡುವವರಿದ್ದೀರಿ, ತೋಟ ಮನೆಗಳನ್ನು ನಡೆಸುವವರಿದ್ದೀರಿ. ವಿನ್ಯಾಸ ಕಲಿಯುವ ನಮ್ಮ ಹುಡುಗಿಯೊಬ್ಬಳು ಪುಸ್ತಕವನ್ನು ಹಿಡಿದು ನಿಮ್ಮ ವಾರ್ಡಿಗೋ ಕಚೇರಿಗೋ ಅಡಿಗೆಯ ಮನೆಗೋ ಬಂದು, ಒಂದು ದಿನ ಮೂಲೆಯಲ್ಲಿ ಕುಳಿತು ನೋಡಲು ಅಪ್ಪಣೆ ಕೇಳಿದರೆ ಇಲ್ಲವೆನ್ನಬೇಡಿರಿ. ನಿಮ್ಮ ಕೆಲಸದಲ್ಲಿ ಯಾವುದು ಕೈಗೆ ಎಟುಕುವುದಿಲ್ಲ, ಯಾವುದು ಬೆನ್ನನ್ನು ನೋಯಿಸುವುದು, ಯಾವುದನ್ನು ಎರಡು ಸಲ ಬರೆಯಬೇಕಾಗುವುದು ಎಂಬುದನ್ನು ಆಕೆಗೆ ಹೇಳಿರಿ. ಹಣವನ್ನು ಕೊಡಲಾಗದವರೂ ಇದನ್ನು ಕೊಡಬಹುದು. ವಿದ್ಯಾಲಯದಲ್ಲಿ ಆಕೆಗೆ ಇದು ದೊರೆಯಲಾರದು. ಮುಂದಿನ ವರ್ಷ ಆಕೆ ಒಂದು ಮಾದರಿಯನ್ನು ತಂದು ಬಳಸಿ ನೋಡಿರೆಂದು ಕೇಳಿದಾಗ, ಬಳಸಿ ನೋಡಿ, ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲವೆಂದೇ ಹೇಳಿರಿ.